ಕೋಡಿ ಬಿದ್ದ ವರ್ಷ

ಪ್ರತಿ ವರ್ಷ ಜೂನ್ 1ರ ಬೆಳಿಗ್ಗೆ ನಮ್ಮಪ್ಪನ ಫೋನು ಒಂದೇ ಸಮನೆ ಟಿಣ್ ಟಿಣ್ ಅನ್ನುತ್ತದೆ. ನಿವೃತ್ತ ಮೇಷ್ಟ್ರುಗಳದ್ದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಹನ್ನೊಂದು ಜನಕ್ಕೆ ಅವತ್ತು ಹುಟ್ಟುಹಬ್ಬ. ಒಬ್ಬರಿಗೊಬ್ಬರು ಗುಲಾಬಿ ಹೂವಿನ ಚಿತ್ರ ಕಳಿಸಿಕೊಳ್ಳುತ್ತಾರೆ, ನೂರು ಕಾಲ ಬಾಳಿ ಅಂತ ಹಾರೈಸುತ್ತಾರೆ. ಹನ್ನೊಂದೂ ಹುಟ್ಟುಹಬ್ಬ ಸುಳ್ಳು. ಅದು ಹನ್ನೊಂದೂ ಜನಕ್ಕೆ ಗೊತ್ತು.

ನಮ್ಮ ಕಡೆ, ಅಂದರೆ ತುಮಕೂರು ಜಿಲ್ಲೆಯ ಶಿರಾ ಸೀಮೆಯಲ್ಲಿ, ಒಂದು ತಲೆಮಾರಿಗೆ ತಲೆಮಾರೇ ಜೂನ್ 1ಕ್ಕೆ ಹುಟ್ಟಿದೆ. ಶಾಲೆ ಶುರುವಾಗೋದು ಜೂನ್‌ನಲ್ಲಿ. ಮಗುವನ್ನು ಕೈ ಹಿಡಿದು ಕರೆತಂದವರಿಗೆ ತಾರೀಕು ಗೊತ್ತಿರುತ್ತಿರಲಿಲ್ಲ. ಮೇಷ್ಟ್ರಿಗೆ ರಿಜಿಸ್ಟರಿನಲ್ಲಿ ತುಂಬೋಕೆ ಒಂದು ತಾರೀಕು ಬೇಕೇ ಬೇಕು. ಜೂನ್ 1 ಅಂತ ಬರೆದುಬಿಟ್ಟರೆ ಲೆಕ್ಕ ಸುಲಭ. ಇನ್ನು ವಯಸ್ಸು? ಅದಕ್ಕೊಂದು ಪರೀಕ್ಷೆ ಇತ್ತು. ಬಲಗೈಯನ್ನು ನೆತ್ತಿ ಮೇಲಿಂದ ಹಾಕಿ ಎಡಗಿವಿ ಮುಟ್ಟಬೇಕು. ಬೆರಳಿಗೆ ಕಿವಿ ಸಿಕ್ಕರೆ ಆರು ವರ್ಷ ತುಂಬಿತು. ಸಿಗದಿದ್ದರೆ ಮುಂದಿನ ವರ್ಷ ಬಾ.

ನಮ್ಮಪ್ಪನದು ಉದ್ದ ಕೈ. ಈಗಲೂ ಅಂಗಿ ಹೊಲಿಸಬೇಕಾದರೆ ತೋಳಿಗೆ ಎರಡಿಂಚು ಬಟ್ಟೆ ಜಾಸ್ತಿ ಬೇಕು. 1956ರ ಜೂನ್‌ನಲ್ಲಿ ಇನ್ನೂ ಐದು ತುಂಬದ ಈ ಹುಡುಗ ಸಲೀಸಾಗಿ ಕಿವಿ ಮುಟ್ಟಿಬಿಟ್ಟ. "ಮುಟ್ಟಿದ್ದಷ್ಟೇ ಅಲ್ಲ, ಹಿಂಡಿ ತೋರಿಸಿದೆ" ಅಂತ ಅಪ್ಪ ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ಮೇಷ್ಟ್ರು 1-6-1950 ಅಂತ ಬರೆದುಕೊಂಡರು. ಮುಗೀತು.

ಅಪ್ಪ ನಿಜವಾಗಿ ಹುಟ್ಟಿದ್ದು ಯಾವಾಗ ಅನ್ನೋದಕ್ಕೆ ನಮ್ಮ ಹತ್ತಿರ ಇರೋದು ಅಜ್ಜಿಯ ಮಾತು ಮಾತ್ರ. ದೇಶದ ಮೊದಲನೇ ಚುನಾವಣೆ ನಡೆದದ್ದು 1951–52ರಲ್ಲಿ. ಆಗ ಅಜ್ಜಿಯ ಅತ್ತೆ ಓಟು ಹಾಕೋಕೆ ಹೊರಟಿದ್ದಾರೆ. ಪೆಟ್ಟಿಗೆ ಹೇಗಿರುತ್ತೆ ನೋಡೋಣ ಅಂತ ಅಜ್ಜಿಯೂ ಹಿಂದೆ ಹೋಗಿದ್ದಾಳೆ. ಅವಳಿಗೆ ಓಟಿರಲಿಲ್ಲ, ಆಗ 21 ತುಂಬಬೇಕಿತ್ತು. ಕಂಕುಳಲ್ಲಿ ಕೂಸು. "ಕತ್ತು ಇನ್ನೂ ನಿಂತಿತ್ತೋ ಇಲ್ವೋ ಅನ್ನಂಗಿದ್ದ ನಿಮ್ಮಪ್ಪ" ಅನ್ನುತ್ತಿದ್ದಳು. ಜೊತೆಗೆ, ಹುಟ್ಟಿದ್ದು ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಅನ್ನೋದೂ ಅವಳಿಗೆ ಖಚಿತವಾಗಿ ನೆನಪಿತ್ತು. ಹಾಗಾಗಿ 1951ರ ಅಕ್ಟೋಬರ್. ಇಷ್ಟು ಲೆಕ್ಕ ಹಾಕಿದ್ದು ಅಪ್ಪನೇ, ಅದೂ ರಿಟೈರ್ ಆದಮೇಲೆ, ಕೆಲಸವಿಲ್ಲದೆ ಕೂತಾಗ.

ಆ ಕಿವಿ ಎಷ್ಟು ದುಬಾರಿ ಅಂತ ಗೊತ್ತಾದದ್ದೂ ಅವಾಗಲೇ. ಸರ್ಕಾರಿ ಲೆಕ್ಕದಲ್ಲಿ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆ ದಿನ ನಿವೃತ್ತಿಯಾಗುತ್ತಾರೆ. ಹಾಗಾಗಿ ಮೇ 31 ಅಂದರೆ ಮೇಷ್ಟ್ರುಗಳ ಬೀಳ್ಕೊಡುಗೆಯ ಜಾತ್ರೆ. ಒಂದೇ ದಿನ ಊರೂರಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಅಪ್ಪ 2008ರ ಮೇ 31ಕ್ಕೆ, 58 ತುಂಬಿತು ಅಂತ, ಹಾರ ಹಾಕಿಸಿಕೊಂಡು ಮನೆಗೆ ಬಂದರು. ಅದಾದ ಸ್ವಲ್ಪ ದಿನಕ್ಕೇ, ಅದೇ ವರ್ಷ, ರಾಜ್ಯ ಸರ್ಕಾರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಅಪ್ಪ ಯಾವುದೋ ಲಗ್ನಪತ್ರಿಕೆಯ ಹಿಂದೆ ಕೂಡಿ ಕಳೆದು ನೋಡಿದರು. ಹುಟ್ಟಿದ ತಾರೀಕು ನಿಜವಾದದ್ದು ಇದ್ದಿದ್ದರೆ 2011ರ ಅಕ್ಟೋಬರ್ ತನಕ ಕೆಲಸ. ಮೂರು ವರ್ಷ ಐದು ತಿಂಗಳ ಸಂಬಳ ಹೋಯಿತು. ಅಜ್ಜಿ ಬಾಗಿಲಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡು, "ಯಾವನು ಇಂಡು ಅಂದಿದ್ದ ಕಿವೀನ?" ಅಂದಳು.

ಈ ಬರಹಕ್ಕೆ ಕೂತದ್ದು ನನಗೆ ಐವತ್ತು ತುಂಬಿದ ನೆಪದಲ್ಲಿ. ಆದರೆ ವಯಸ್ಸಿನ ಮಾತು ಬಂದರೆ ನಮ್ಮ ಮನೆಯಲ್ಲಿ ಅಜ್ಜಿಯನ್ನು ದಾಟಿ ಮುಂದೆ ಹೋಗೋಕೆ ಆಗಲ್ಲ.

ಅಜ್ಜಿಗೆ ಇಸವಿ ಅನ್ನೋದೇ ಗೊತ್ತಿರಲಿಲ್ಲ. ಅವಳ ವರ್ಷಗಳಿಗೆ ಹೆಸರುಗಳಿದ್ದವು. ಕರೆಂಟು ಬಂದ ವರ್ಷ. ದೊಡ್ಡ ಬೇವಿನ ಮರ ಬಿದ್ದ ವರ್ಷ. ಕೆಂಪು ಜೋಳದ ವರ್ಷ, ಅಂದರೆ ಅರವತ್ತರ ದಶಕದ ಬರದಲ್ಲಿ ಅಮೆರಿಕದಿಂದ ಬಂದ ಜೋಳವನ್ನು ಸೊಸೈಟಿಯಲ್ಲಿ ಕೊಟ್ಟಿದ್ದು. ಅದರ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲವಂತೆ. ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಹುಟ್ಟಿದ್ದು ಆ ವರ್ಷ. ಚಿಕ್ಕಪ್ಪ ಹುಟ್ಟಿದ್ದು ಕುಂಟೆತ್ತು ಸತ್ತ ವರ್ಷ. ರಿಟೈರ್ ಆದ ಅಪ್ಪ ಒಂದು ನೂರು ಪುಟದ ನೋಟ್‌ಬುಕ್ ತಂದು ಅಜ್ಜಿಯ ವರ್ಷಗಳನ್ನೆಲ್ಲ ಇಸವಿಗೆ ಇಳಿಸೋ ಕೆಲಸ ಹಚ್ಚಿಕೊಂಡರು. ಎಡಗಡೆ ಅಜ್ಜಿ ಹೇಳಿದ ಹೆಸರು, ಬಲಗಡೆ ಇಸವಿ. ಕರೆಂಟು ಸಿಕ್ಕಿತು. ಬೇವಿನ ಮರವೂ ಹೆಚ್ಚುಕಮ್ಮಿ ಸಿಕ್ಕಿತು. ಕುಂಟೆತ್ತಿನ ಮುಂದೆ ಮಾತ್ರ ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆ ಇದೆ. ಚಿಕ್ಕಪ್ಪನದೂ ಜೂನ್ 1 ಅಂತ ಬೇರೆ ಹೇಳಬೇಕಿಲ್ಲ.

ಸಂವತ್ಸರದ ಹೆಸರು ಮಾತ್ರ ಅಜ್ಜಿಗೆ ಬಾಯಿಪಾಠ. ಪ್ರಭವದಿಂದ ಅಕ್ಷಯದ ತನಕ ಅರವತ್ತನ್ನೂ ರಾಗಿ ಬೀಸೋ ಹಾಗೆ ಒಂದೇ ಸಮನೆ ಹೇಳುತ್ತಿದ್ದಳು. ಅದರಲ್ಲೂ ತಮಾಷೆ. 1951–52 ಖರ ಸಂವತ್ಸರ. ಖರ ಅಂದರೆ ಕತ್ತೆ ಅಂತಲೂ ಅರ್ಥ ಇದೆ ಅಂತ ಅವಳಿಗೆ ಯಾರೋ ಹೇಳಿಕೊಟ್ಟಿದ್ದರು. ನಾನು ಹುಟ್ಟಿದ 1975–76 ರಾಕ್ಷಸ ಸಂವತ್ಸರ. "ಕತ್ತೆ ಹೊಟ್ಟೇಲಿ ರಾಕ್ಷಸಿ" ಅಂತ ಅವಳು ನಗುತ್ತಿದ್ದಳು, ನಾನು ಏನಾದರೂ ಹಟ ಹಿಡಿದಾಗ. ಅಪ್ಪನ ಖರ ಒಂದು ಸುತ್ತು ಹೊಡೆದು 2011ಕ್ಕೆ ಮತ್ತೆ ಬಂತು. ಕಾಗದದ ಪ್ರಕಾರ ಅವರಿಗೆ ಅರವತ್ತು ತುಂಬಿ ಆಗಲೇ ವರ್ಷದ ಮೇಲಾಗಿತ್ತು. ಅಜ್ಜಿ ಒಪ್ಪಿರಲಿಲ್ಲ. ಖರ ಬರಲಿ ಅಂತ ಕಾದಳು. ಬಂದಮೇಲೆ ಶಾಂತಿ ಗೀಂತಿ ಏನೂ ಮಾಡಿಸಲಿಲ್ಲ. ಹೋಳಿಗೆ ಮಾಡಿಸಿದಳು. ಅರವತ್ತು ದಾಟಿದ ಮಗನ ಬೆನ್ನಿಗೆ ಹರಳೆಣ್ಣೆ ಹಚ್ಚಿ ನೀರು ಹಾಕಿದಳು.

ಅವಳು ಹುಟ್ಟಿದ್ದು ಯಾವಾಗ? ಕೇಳಿದರೆ ಒಂದೇ ಉತ್ತರ. "ಮಾರಿಕಣಿವೆ ಕೋಡಿ ಬಿದ್ದ ವರ್ಷ."

ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಮಾರಿಕಣಿವೆ ಅಂದರೆ ವಾಣಿವಿಲಾಸ ಸಾಗರ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿ ನದಿಗೆ ಎರಡು ಗುಡ್ಡಗಳ ನಡುವೆ ಕಟ್ಟಿದ ಅಣೆಕಟ್ಟು. 1898ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಮುಗಿಯಿತು. ನಮ್ಮ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಹುಟ್ಟಿದ್ದೂ 1907ರಲ್ಲೇ. ಅಜ್ಜಿಗೆ ಇದನ್ನು ಹೇಳಿದಾಗ, ಹೌದಾ, ಅಂಗಾರೆ ಎರಡೂ ಗಟ್ಟಿ ಅಂದಿದ್ದಳು. ಅಣೆಕಟ್ಟು ಇರೋದು ಚಿತ್ರದುರ್ಗ ಜಿಲ್ಲೆಯಲ್ಲಿ. ಆದರೆ ಶಿರಾದವರಿಗೆ ಹಿರಿಯೂರು ಪಕ್ಕದ ಮನೆ ಇದ್ದ ಹಾಗೆ. ನೀರಿನ ಪೂರ್ಣ ಮಟ್ಟ 130 ಅಡಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬೀಳಲೇ ಇಲ್ಲ.

ಮಳೆ ಕಮ್ಮಿ ಇರೋ ಸೀಮೆಯಲ್ಲಿ ಕೋಡಿ ಬೀಳೋದು ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳೋದು ಕಷ್ಟ. ನಮ್ಮೂರ ಕೆರೆ ಕೋಡಿ ಬಿದ್ದರೇ ತಮಟೆ ಬಡಿದು, ಬಾಗಿನ ಬಿಟ್ಟು, ಊರಿಗೆಲ್ಲ ಊಟ ಹಾಕುತ್ತಾರೆ. ಇನ್ನು ಮಾರಿಕಣಿವೆ! ಅಜ್ಜಿ ಅದನ್ನು ಕಣ್ಣಾರೆ ಕಂಡವಳ ಹಾಗೆ ಹೇಳುತ್ತಿದ್ದಳು. ನೀರಿನ ಸದ್ದು, ಮೀನು ಹಾರಿದ್ದು, ಗಾಡಿ ಕಟ್ಟಿಕೊಂಡು ಜನ ಹೋಗಿದ್ದು, ಬಸುರಿ ಹೆಂಗಸರನ್ನು ಹತ್ತಿರ ಬಿಡದೆ ಇದ್ದದ್ದು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ತಲೆಹರಟೆ ಮಾಡಿದೆ. "ಅಜ್ಜಿ, ಆ ವರ್ಷ ನೀನು ಹುಟ್ಟಿದ್ದು ಅಂತೀಯ. ನೋಡಿದ್ದು ಹೇಗೆ?" ಅವಳು ಸುಮ್ನೆ ನನ್ನ ಮುಖ ನೋಡಿದಳು. ಆಮೇಲೆ, "ನಮ್ಮವ್ವ ನೋಡಿದ್ಲು. ನಾನು ಅವಳ ಹೊಟ್ಟೇಲಿದ್ದೆ. ನೋಡ್ದಂಗಲ್ವಾ?" ಅಂದಳು.

ಅಪ್ಪ ಮಾತ್ರ ನಂಬಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅಜ್ಜಿಯ ಹೆಸರಿನ ಮುಂದೆ 1933 ಅಂತ ಬರೆದು ಪಕ್ಕದಲ್ಲಿ ಅವರೂ ಒಂದು ಪ್ರಶ್ನಾರ್ಥಕ ಹಾಕಿದ್ದರು. ಊರಲ್ಲಿ ಆ ವಯಸ್ಸಿನವರೆಲ್ಲ ಕೋಡಿ ಬಿದ್ದ ವರ್ಷವೇ ಹುಟ್ಟಿದ್ದು ಅಂತ ಹೇಳಿಕೊಳ್ಳುತ್ತಿದ್ದರಂತೆ. ಒಳ್ಳೆ ವರ್ಷದಲ್ಲಿ ಹುಟ್ಟಿದ್ದು ಅಂತ ಹೇಳಿಕೊಳ್ಳೋಕೆ ಯಾರಿಗೆ ಇಷ್ಟ ಇರಲ್ಲ?

ನನ್ನ ತಲೆಮಾರಿಗೆ ಬರೋಷ್ಟರಲ್ಲಿ ಕೆರೆ ಲೆಕ್ಕ ಹೋಗಿ ಬೋರ್‌ವೆಲ್ ಲೆಕ್ಕ ಬಂತು. ಇದನ್ನು ನಾನು ಗಮನಿಸಿದ್ದೇ ಈಚೆಗೆ. ತಮ್ಮನಿಗೆ ಕಾಲು ಮುರಿದದ್ದು ಯಾವಾಗ ಅಂತ ಅಮ್ಮನನ್ನು ಕೇಳಿದೆ. "ಮೊದಲನೇ ಬೋರು ಹಾಕ್ಸಿದ್ವಲ್ಲ, ನೂರ ಎಂಬತ್ತಡಿಗೆ ನೀರು ಬಂತು, ಆ ಬ್ಯಾಸಗೇಲಿ" ಅಂದರು. ನನ್ನ ಮದುವೆ ನಡೆದದ್ದು 1999ರಲ್ಲಿ. ಅದು ನಾನೂರೈವತ್ತಡಿಯ ವರ್ಷ. ಚಪ್ಪರದ ಕಂಬಕ್ಕೆ ಮಾವಿನ ತೋರಣ ಕಟ್ಟುತ್ತಿದ್ದಾಗ ಹೊಲದಲ್ಲಿ ಲಾರಿ ಗುಡುಗುಡು ಅನ್ನುತ್ತಿತ್ತು. ಧಾರೆಯ ಮಂತ್ರಕ್ಕಿಂತ ಆ ಸದ್ದೇ ನನಗೆ ಚೆನ್ನಾಗಿ ನೆನಪಿದೆ. ಬಂದ ನೆಂಟರಲ್ಲಿ ಅರ್ಧ ಜನ ಊಟ ಮಾಡಿ ಹೊಲಕ್ಕೆ ಹೋಗಿ ಲಾರಿ ಮುಂದೆ ನಿಂತಿದ್ದರು. ಬಿಳಿ ಧೂಳು ಮಾತ್ರ ಬರುತ್ತಿತ್ತು. ನನ್ನ ಮದುವೆ ವಿಡಿಯೋದಲ್ಲಿ ಅಪ್ಪನ ತಲೆ ಬೆಳ್ಳಗಿದೆ. ಅದು ಬಂಡೆ ಪುಡಿ. ಮಗಳು ಐದನೇ ಕ್ಲಾಸಿಗೆ ಬಂದ ವರ್ಷ ಒಂಬೈನೂರಡಿ. ಆಮೇಲೆ ಅಪ್ಪ ಬೋರ್ ಹಾಕಿಸೋದು ಬಿಟ್ಟರು. ಹೊಲದಲ್ಲಿ ಹುಣಸೆ ಗಿಡ ನೆಟ್ಟರು.

ನಿಜವಾದ ಮೈಲಿಗಲ್ಲೂ ಒಂದಿತ್ತು. ನಮ್ಮೂರಿನ ಗೇಟಿನಲ್ಲಿ, ಹೆದ್ದಾರಿ ಪಕ್ಕ, ಹಳದಿ ತಲೆಯ ಕಲ್ಲು. ಅದರ ಮೇಲೆ ಕೂತೇ ನಾನು ಶಿರಾ ಬಸ್ಸಿಗೆ ಕಾಯುತ್ತಿದ್ದೆ. ಕಿಲೋಮೀಟರ್ ಬಂದು ಎಷ್ಟೋ ಕಾಲ ಆಗಿದ್ದರೂ ನಾವು ಅದನ್ನು ಮೈಲಿಗಲ್ಲು ಅಂತಲೇ ಅನ್ನುತ್ತಿದ್ದೆವು. ಅಜ್ಜಿ ಇನ್ನೂ ಹಿಂದೆ, ಹರದಾರಿಯಲ್ಲಿ ನಿಂತಿದ್ದಳು. ರಸ್ತೆ ನಾಲ್ಕು ಪಥ ಮಾಡುವಾಗ ಕಲ್ಲು ಹೋಯಿತು. ಅದನ್ನು ಯಾರೋ ದನದ ಕೊಟ್ಟಿಗೆ ಮುಂದೆ ಹಾಸಿಕೊಂಡಿದ್ದಾರೆ. ತಿರುವಿ ಹಾಕಿರೋದರಿಂದ ಅಂಕಿ ಕಾಣಲ್ಲ.

ಈಗ ಗಡಿಯಾರದ ವಿಷಯ. ತುಮಕೂರಿನಲ್ಲಿ ಕಾಲದ ಬಗ್ಗೆ ಬರೆದು ಎಚ್‌ಎಂಟಿ ಬಿಟ್ಟರೆ ಹೇಗೆ?

1991ರಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪಾಸಾದಾಗ ಅಪ್ಪ ಒಂದು ವಾಚು ಕೊಡಿಸಿದರು. ಪುಟ್ಟ ಡಯಲ್ಲಿನ, ಕೀ ಕೊಡುವ ಎಚ್‌ಎಂಟಿ. ಅವರ ಕೈಯಲ್ಲಿ ಆಗಲೇ ಎಚ್‌ಎಂಟಿ ಜನತಾ ಇತ್ತು. ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ 1961ರಲ್ಲಿ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿದ ಎಚ್‌ಎಂಟಿ, ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ತೆರೆದಿತ್ತು. ಪಿಯುಸಿಗೆ ಅಂತ ನಾನು ತುಮಕೂರಿಗೆ ಬಂದಾಗ ಊರಿನ ಅರ್ಧ ಜನಕ್ಕೆ ಅಲ್ಲಿ ಒಬ್ಬರಾದರೂ ನೆಂಟರು ಕೆಲಸಕ್ಕಿದ್ದರು. ಎಚ್‌ಎಂಟಿ ಹುಡುಗ ಅಂದರೆ ಹೆಣ್ಣು ಕೊಡೋಕೆ ಎರಡನೇ ಮಾತಿರಲಿಲ್ಲ. ಮೊಬೈಲು ಬಂತು, ಬೇರೆ ವಾಚುಗಳು ಬಂದವು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋದಕ್ಕೆ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು. ಬೆಳಿಗ್ಗೆ ಎದ್ದು ಕೀ ಕೊಡುವ ವಾಚು ಮಾಡುತ್ತಿದ್ದ ಜಾಗ ಈಗ ರಾಕೆಟ್ ಹಾರಿಸುವವರ ಕೈಯಲ್ಲಿದೆ. ಇದರಲ್ಲಿ ಬೇಜಾರು ಮಾಡಿಕೊಳ್ಳಬೇಕೋ ಖುಷಿ ಪಡಬೇಕೋ ನನಗಂತೂ ತಿಳಿಯಲಿಲ್ಲ. ಎರಡೂ ಸ್ವಲ್ಪ ಸ್ವಲ್ಪ ಆಯಿತು.

ನನ್ನ ವಾಚು ಇನ್ನೂ ಓಡುತ್ತಿದೆ. ದಿನಕ್ಕೆ ಐದು ನಿಮಿಷ ಮುಂದೆ ಹೋಗುತ್ತದೆ ಅಷ್ಟೇ. ರಿಪೇರಿಗೆ ಕೊಡೋಕೆ ಹೋದರೆ ಅಂಗಡಿಯವರು ಹಿಂದಿನ ಮುಚ್ಚಳ ತೆಗೆದು, ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ನೋಡಿ, ಮತ್ತೆ ಮುಚ್ಚಿದರು. "ಓಡ್ತಾ ಇದೆಯಲ್ಲ ಮೇಡಂ, ಮುಟ್ಟೋದು ಬೇಡ" ಅಂದರು. ಸತ್ತ ವಾಚುಗಳ ಭಾಗ ಕಿತ್ತು ಬದುಕಿರೋದಕ್ಕೆ ಹಾಕೋದು ಬಿಟ್ಟರೆ ಬೇರೆ ದಾರಿ ಇಲ್ಲವಂತೆ. ಕೆಲವು ಡಾಕ್ಟರುಗಳೂ ಇಷ್ಟು ಸ್ಪಷ್ಟವಾಗಿ ಮಾತಾಡಲ್ಲ.

ನಾನೂ ಮೇಷ್ಟ್ರೇ ಆದೆ. ಜೂನ್ ತಿಂಗಳಲ್ಲಿ ದಾಖಲಾತಿ ರಿಜಿಸ್ಟರ್ ತುಂಬೋ ಕೆಲಸ ನನ್ನ ಪಾಲಿಗೂ ಬರುತ್ತದೆ. ಈಗ ಎಲ್ಲ ಮಕ್ಕಳೂ ಆಸ್ಪತ್ರೆಯಲ್ಲೇ ಹುಟ್ಟಿದವರು. ತಾರೀಕು ಮಾತ್ರ ಅಲ್ಲ, ಗಂಟೆ ನಿಮಿಷ ಕೂಡ ಅಪ್ಪ ಅಮ್ಮಂದಿರ ಫೋನಿನಲ್ಲಿರುತ್ತದೆ. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದು ಕಾಯ್ದೆ ಬಂದದ್ದು 1969ರಲ್ಲಿ. ಅದು ನಮ್ಮ ಹಳ್ಳಿಗಳ ಹಟ್ಟಿ ತನಕ ಇಳಿಯೋಕೆ ಇನ್ನೂ ಒಂದೆರಡು ದಶಕ ಹಿಡಿಯಿತು. ಆದರೂ ಜೂನ್ 1 ನಮ್ಮನ್ನು ಬಿಟ್ಟಿಲ್ಲ. ಒಂದನೇ ತರಗತಿಗೆ ಸೇರಬೇಕಾದರೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನೋ ನಿಯಮ ಬಂದು ಎಷ್ಟು ಗಲಾಟೆ ಆಯಿತು ಗೊತ್ತಲ್ಲ. ಕೊನೆಗೆ 2025–26ನೇ ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಾದರೂ ಸಾಕು ಅಂತ ಸಡಿಲ ಮಾಡಿದರು. ಪಕ್ಕದ ಮನೆಯಾಕೆ ಹತ್ತು ದಿನ ಕಮ್ಮಿ ಬಿದ್ದ ಮೊಮ್ಮಗನನ್ನು ಕರೆದುಕೊಂಡು ನನ್ನ ಹತ್ತಿರ ಬಂದಿದ್ದರು. ಏನಾದರೂ ಮಾಡೋಕಾಗುತ್ತಾ ಅಂತ. ನಾನು ಆ ಹುಡುಗನಿಗೆ ಕಿವಿ ಮುಟ್ಟು ನೋಡೋಣ ಅಂದೆ. ಮುಟ್ಟಿದ. ಆದರೆ ಏನು ಮಾಡೋದು, ಕಂಪ್ಯೂಟರಿಗೆ ಕಿವಿ ಇಲ್ಲ.

2022ರಲ್ಲಿ ಮಳೆ ಬಿಡಲೇ ಇಲ್ಲ. ಆ ವರ್ಷ ನಮ್ಮ ಕಡೆ ಒಣಗಿ ಜಾಲಿ ಬೆಳೆದ ಕೆರೆಗಳೆಲ್ಲ ತುಂಬಿದವು. ಮಾರಿಕಣಿವೆಯ ಮಟ್ಟ ಎಷ್ಟಾಯಿತು ಅಂತ ದಿನಾ ಪೇಪರಿನಲ್ಲಿ ಬರೋದು. ನೂರಿಪ್ಪತ್ತೈದು, ನೂರಿಪ್ಪತ್ತೆಂಟು. ಅಪ್ಪ ಅದನ್ನು ಅಜ್ಜಿಗೆ ಓದಿ ಹೇಳುತ್ತಿದ್ದರು, ಕ್ರಿಕೆಟ್ ಸ್ಕೋರಿನ ಹಾಗೆ. ಸೆಪ್ಟೆಂಬರ್ ಶುರುವಿನಲ್ಲಿ ಕೋಡಿ ಬಿತ್ತು. 89 ವರ್ಷ ಆದಮೇಲೆ.

ಅಜ್ಜಿ ಆಗ ಎದ್ದು ಓಡಾಡೋದು ಕಮ್ಮಿ ಮಾಡಿದ್ದಳು. ಬಚ್ಚಲಿಗೆ ಹೋಗೋಕೂ ಒಬ್ಬರು ಬೇಕು. ಆದರೆ ಸುದ್ದಿ ಕೇಳಿದ ಕೂಡಲೇ, "ನನ್ನ ಕರ್ಕಂಡು ಓಗಿ" ಅಂತ ಹಟ ಹಿಡಿದಳು. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಮೂರನೇ ದಿನ ನಾನು ತುಮಕೂರಿನಿಂದ ಕಾರು ತಗೊಂಡು ಹೋದೆ. ಮುಂದಿನ ಸೀಟಿನಲ್ಲಿ ದಿಂಬು ಇಟ್ಟು ಕೂರಿಸಿದೆವು. ಅಪ್ಪ ಹಿಂದೆ, ಕೈಯಲ್ಲಿ ಅದೇ ನೋಟ್‌ಬುಕ್ಕು. ಅದನ್ನು ಯಾಕೆ ತಂದರೋ ಗೊತ್ತಿಲ್ಲ.

ಹಿರಿಯೂರು ದಾಟಿದ ಮೇಲೆ ಜನವೋ ಜನ. ಟ್ರ್ಯಾಕ್ಟರುಗಳು, ಆಟೋಗಳು, ಒಂದು ಬೈಕಿನ ಮೇಲೆ ನಾಲ್ಕು ಜನ. ಅಣೆಕಟ್ಟಿಗೆ ಇನ್ನೂ ದೂರ ಇರುವಾಗಲೇ ಪೊಲೀಸರು ಬ್ಯಾರಿಕೇಡ್ ಹಾಕಿ ಕಾರುಗಳನ್ನು ನಿಲ್ಲಿಸುತ್ತಿದ್ದರು. ನಡೆದು ಹೋಗಿ ಅಂದರು. ಅಪ್ಪ ಇಳಿದು, ವಯಸ್ಸಾದವರು ಇದ್ದಾರೆ ಅಂತ ವಿನಯವಾಗಿ ಹೇಳಿದರು. ಪೊಲೀಸಿನವನು ಚಿಕ್ಕ ಹುಡುಗ, ಬೆಳಿಗ್ಗೆಯಿಂದ ಇದೇ ಮಾತು ನೂರು ಸಲ ಕೇಳಿದ್ದವನ ಮುಖ. "ವಯಸ್ಸೆಷ್ಟು?" ಅಂದ. ಅಪ್ಪ ಒಂದು ಕ್ಷಣ ತಡವರಿಸಿದರು. ಯಾವುದನ್ನು ಹೇಳೋದು? ಆಧಾರ್ ಕಾರ್ಡಿನಲ್ಲಿ ಅಜ್ಜಿ ಹುಟ್ಟಿದ್ದು 1-1-1940. ಆಧಾರ್ ಮಾಡಿಸುವಾಗ ಅಲ್ಲಿದ್ದವರು ಅವಳ ಮುಖ ನೋಡಿ ಹಾಕಿದ ಲೆಕ್ಕ ಅದು. ಸರ್ಕಾರದ ಕಾಗದಗಳನ್ನು ಪಕ್ಕಪಕ್ಕ ಇಟ್ಟರೆ ಅಜ್ಜಿಗೆ ಹತ್ತು ವರ್ಷ ಆದಾಗ ನಮ್ಮಪ್ಪ ಹುಟ್ಟಿದ್ದಾರೆ.

ಅಷ್ಟರಲ್ಲಿ ಅಜ್ಜಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಲೋ ಮಗಾ, ಇಂದ್ಕೆ ಇದು ಕೋಡಿ ಬಿದ್ದಾಗ ಉಟ್ಟಿದ್ದು ಕಣೋ ನಾನು."

ಹುಡುಗ ಅವಳನ್ನು ನೋಡಿದ. ಏನೂ ಮಾತಾಡಲಿಲ್ಲ. ಬ್ಯಾರಿಕೇಡು ಎಳೆದ. ಕಾರು ದಾಟುವಾಗ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದ.

ನೀರು ಬೀಳೋ ಜಾಗಕ್ಕೆ ತೀರಾ ಹತ್ತಿರ ಹೋಗೋಕೆ ಆಗಲಿಲ್ಲ. ಆದರೆ ಸದ್ದು ಕೇಳುತ್ತಿತ್ತು. ತೆಳು ಹನಿ ಗಾಳಿಯಲ್ಲಿ ತೇಲಿ ಬಂದು ಕಾರಿನ ಗಾಜಿನ ಮೇಲೆ ಕೂರುತ್ತಿತ್ತು. ಸುತ್ತ ಎಲ್ಲರೂ ಫೋನು ಎತ್ತಿ ಹಿಡಿದಿದ್ದರು. ಯಾರೋ ಬಾಗಿನ ತಂದಿದ್ದರು, ಯಾರೋ ಬೋಂಡ ಮಾರುತ್ತಿದ್ದರು. ಅಜ್ಜಿ ಕೆಳಗೆ ಇಳಿಯಲಿಲ್ಲ. ಕಾರಿನ ಬಾಗಿಲು ತೆಗೆದು, ಕಾಲು ಹೊರಗೆ ಇಳಿಬಿಟ್ಟು, ಹದಿನೈದು ನಿಮಿಷ ಸುಮ್ಮನೆ ನೋಡಿದಳು. ಅಳುತ್ತಾಳೇನೋ ಅಂದುಕೊಂಡಿದ್ದೆ. ಅಳಲಿಲ್ಲ. ಅಪ್ಪನ ಕಡೆ ತಿರುಗಿ, "ಈಗ ನಂಬಿದ್ಯಾ?" ಅಂದಳು.

ಲೆಕ್ಕಕ್ಕೆ ಇದರಲ್ಲಿ ಏನೂ ಅರ್ಥವಿಲ್ಲ ಬಿಡಿ. 2022ರಲ್ಲಿ ನೀರು ಬಿದ್ದರೆ 1933ರಲ್ಲಿ ಅವಳು ಹುಟ್ಟಿದ್ದು ಹೇಗೆ ಸಾಬೀತಾಗುತ್ತೆ? ಆದರೆ ಅಪ್ಪ ಅಲ್ಲೇ, ಕಾರಿಗೆ ಒರಗಿ ನಿಂತು, ನೋಟ್‌ಬುಕ್ ತೆಗೆದು ಆ ಪ್ರಶ್ನಾರ್ಥಕ ಚಿಹ್ನೆ ಹೊಡೆದು ಹಾಕಿದರು. ವಾಪಸ್ ಬರುವಾಗ ಅಜ್ಜಿ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಚಟ್ನಿ ಎರಡು ಸಲ ಹಾಕಿಸಿಕೊಂಡಳು.

ಅವಳು ಹೋದದ್ದು 2024ರ ಫೆಬ್ರವರಿಯಲ್ಲಿ. ಮರಣ ಪತ್ರದಲ್ಲಿ ವಯಸ್ಸು 84 ಅಂತ ಬಂತು, ಆಧಾರ್ ಪ್ರಕಾರ. ಸಹಿ ಹಾಕಿ ತಗೊಳ್ಳುವಾಗ ಅಪ್ಪ ಕೌಂಟರಿನಲ್ಲಿ, "ತೊಂಬತ್ತು ಆಗಿತ್ತು" ಅಂದರು. ಒಳಗಿದ್ದವರು, ದಾಖಲೆ ಇದ್ದರೆ ತಿದ್ದಬಹುದು ಸರ್ ಅಂದರು. ಪಾಪ, ಅವರು ಇನ್ನೇನು ಹೇಳಬೇಕು.

ನನ್ನ ಐವತ್ತರ ಬಗ್ಗೆ ಬರೀತೀನಿ ಅಂದಿದ್ದೆ ಅಲ್ವಾ. ಜಾಸ್ತಿ ಏನಿಲ್ಲ. ನಾನು ಹುಟ್ಟಿದ್ದು 1975ರ ಕಾರಹುಣ್ಣಿಮೆಯ ದಿನ, ಜೂನ್ 23. ಎರಡು ದಿನಕ್ಕೆ ಎಮರ್ಜೆನ್ಸಿ ಬಂತು. ರಾಕ್ಷಸ ಸಂವತ್ಸರ, ಎಮರ್ಜೆನ್ಸಿ, ಅಜ್ಜಿಗೆ ಇದಕ್ಕಿಂತ ಬೇರೆ ಬೇಕಿತ್ತಾ. ನನ್ನ ರಿಜಿಸ್ಟರಿನಲ್ಲಿ ಅಪ್ಪ ತಾವೇ ನಿಂತು ಸರಿಯಾದ ತಾರೀಕು ಬರೆಸಿದ್ದರು. ಮನೆಯಲ್ಲಿ ನಿಜವಾದ ಹುಟ್ಟುಹಬ್ಬ ಇರುವ ಮೊದಲನೆಯವಳು ನಾನು. ಈ ಸಲ 23ಕ್ಕೆ ಮಗಳು ಮಧ್ಯರಾತ್ರಿ ಎಬ್ಬಿಸಿ ಕೇಕ್ ಕತ್ತರಿಸಿದಳು. ಮುಖಕ್ಕೆ ಹಚ್ಚಿದಳು. ನಿದ್ದೆಗಣ್ಣಿನಲ್ಲಿ ನನಗೆ ಸ್ವಲ್ಪ ಸಿಟ್ಟೇ ಬಂತು. ಆದರೆ ಅದಕ್ಕೆ ಹನ್ನೆರಡು ದಿನ ಮೊದಲೇ, ಜೂನ್ 11ಕ್ಕೆ, ಅಪ್ಪ ಫೋನ್ ಮಾಡಿದ್ದರು. "ಇವತ್ತು ಕಾರಹುಣ್ಣಿಮೆ. ಎತ್ತಿಲ್ಲ, ಸಿಂಗಾರ ಮಾಡೋಕೆ ಏನೂ ಇಲ್ಲ. ನಿಂಗೆ ಐವತ್ತಾಯ್ತಲ್ಲ ಅಂತ ಮಾಡಿದೆ" ಅಂದರು. ಅಷ್ಟೇ. ಫೋನ್ ಇಟ್ಟು ನಾನು ವಾಚಿಗೆ ಕೀ ಕೊಟ್ಟೆ, ಐದು ನಿಮಿಷ ಹಿಂದಕ್ಕೆ ತಿರುಗಿಸಿದೆ, ಶಾಲೆಗೆ ಹೊರಟೆ. ಮೂವತ್ತನಾಲ್ಕು ವರ್ಷದಿಂದ ಹೀಗೆ ಕೀ ಕೊಡುತ್ತಿದ್ದೇನೆ ಅಂತ ಬಸ್ ಸ್ಟಾಪಿನಲ್ಲಿ ಹೊಳೆಯಿತು.

ಅಜ್ಜಿಯ ಕಲ್ಲಿನ ವಿಷಯ ಒಂದು ಉಳಿದಿದೆ. ವರ್ಷದ ತಿಥಿಗೆ ಮುಂಚೆ ಸಮಾಧಿಗೆ ಒಂದು ಕಲ್ಲು ಹಾಕಿಸಬೇಕು ಅಂತ ಈ ಫೆಬ್ರವರಿ ಮೊದಲ ವಾರ ಅಪ್ಪನೂ ನಾನೂ ಶಿರಾಕ್ಕೆ ಹೋದೆವು. ಗ್ರಾನೈಟ್ ಕೊರೆಯುವ ಅಂಗಡಿ. ಅಕ್ಷರಕ್ಕೆ ಇಷ್ಟು ಅಂತ ದರ. ಕೊರೆಯುವವನು ಇಪ್ಪತ್ತು ಇಪ್ಪತ್ತೆರಡರ ಹುಡುಗ, ಮೀಸೆ ತುಂಬ ಕಲ್ಲಿನ ಪುಡಿ. ಅಪ್ಪ ಮನೆಯಲ್ಲೇ ದುಂಡಗೆ ಬರೆದು ತಂದಿದ್ದ ಚೀಟಿ ಕೊಟ್ಟರು. ಅಜ್ಜಿಯ ಹೆಸರು. ಅದರ ಕೆಳಗೆ, ಜನನ: ಮಾರಿಕಣಿವೆ ಕೋಡಿ ಬಿದ್ದ ವರ್ಷ. ಆಮೇಲೆ ಮರಣದ ತಾರೀಕು, ಅಂಕಿಯಲ್ಲಿ.

ಹುಡುಗ ಓದಿದ. ಇನ್ನೊಂದು ಸಲ ಓದಿದ.

"ಯಾವ ಸಲದ್ದು ಸರ್? ಹೋದ ತಿಂಗಳೂ ಬಿತ್ತಲ್ಲ ಕೋಡಿ."

ನಿಜ. ಜನವರಿಯಲ್ಲಿ ಮತ್ತೆ ಬಿದ್ದಿತ್ತು. ಮಳೆ ಚೆನ್ನಾಗಾಗಿತ್ತು, ಭದ್ರಾ ನೀರೂ ಬಂದು ಸೇರುತ್ತಿದೆ. ನಮ್ಮ ಮನೆಯಿಂದ ಈ ಸಲ ಯಾರೂ ನೋಡೋಕೆ ಹೋಗಿರಲಿಲ್ಲ.

"1933 ಅಂತ ಹಾಕಿಸಿಬಿಡಿ ಅಪ್ಪ" ಅಂದೆ.

"ತಡಿ" ಅಂದರು. ಚೀಟಿ ವಾಪಸ್ ತಗೊಂಡರು. ಕನ್ನಡಕ ಹಾಕಿಕೊಂಡು, ಅಲ್ಲೇ ಜೋಡಿಸಿಟ್ಟ ಕಲ್ಲುಗಳ ಮೇಲೆ ಕೂತರು. ಆ ಉದ್ದ ಕೈ ಮೊಣಕಾಲಿನ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದರು. ರಿಟೈರಾಗಿ ಹದಿನಾರು ವರ್ಷ ಆದರೂ ಆ ಪೆನ್ನು ಜೇಬಿನಲ್ಲಿ ಇದ್ದೇ ಇರುತ್ತದೆ. ಕಾಪಿ ಪುಸ್ತಕ ತಿದ್ದೋ ಹಾಗೆ, ಮಾರಿಕಣಿವೆ ಮತ್ತು ಕೋಡಿಯ ನಡುವೆ ಒಂದು ಗುರುತು ಹಾಕಿ, ಮೇಲೆ "ಮೊದಲ" ಅಂತ ಸೇರಿಸಿದರು.

ಹುಡುಗ ಚೀಟಿ ಇಸ್ಕೊಂಡು ಬೆರಳಲ್ಲಿ ಎಣಿಸಿದ.

"ಮೂರಕ್ಷರ ಜಾಸ್ತಿ ಆಯ್ತು ಸರ್."

"ಆಗ್ಲಿ ಬಿಡಪ್ಪ" ಅಂದರು ಅಪ್ಪ, ದುಡ್ಡು ಎಣಿಸುತ್ತಾ.